ಲಗ್ನಪತ್ರಿಕೆಯ ಬೆನ್ನಿಗೆ ಇಂಗ್ಲಿಷ್ ಪಾಠ

ಮದುವೆ ಮುಗಿದ ಮೇಲೆ ಲಗ್ನಪತ್ರಿಕೆಗಳನ್ನು ನೀವೇನು ಮಾಡುತ್ತೀರಿ? ವರ್ಷ ತುಂಬಿದ ಕ್ಯಾಲೆಂಡರುಗಳನ್ನು? ಹೊಸ ಷರ್ಟಿನೊಳಗೆ ಬರುವ ರಟ್ಟನ್ನು? ರದ್ದಿಯವನಿಗೆ ಹಾಕುತ್ತೀರಿ, ಇಲ್ಲವೇ ಬಚ್ಚಲ ಒಲೆಗೆ ತುರುಕುತ್ತೀರಿ, ಅಲ್ಲವೇ? ನಮ್ಮ ಮನೆಯಲ್ಲಿ ಮಾತ್ರ ಇವೆಲ್ಲ ಮಂಚದ ಕೆಳಗಿನ ಟ್ರಂಕಿಗೆ ಸೇರುತ್ತವೆ. ಟ್ರಂಕಿನಿಂದ ನನ್ನ ವಾರಗಿತ್ತಿಯ ಕೈಚೀಲಕ್ಕೆ, ಕೈಚೀಲದಿಂದ ಬಸ್ಸು ಹತ್ತಿ ಹಳ್ಳಿಯ ಶಾಲೆಗೆ. ಅಲ್ಲಿ ಇವು ಇಂಗ್ಲಿಷ್ ಪಾಠವಾಗುತ್ತವೆ ಎಂದರೆ ನಂಬುತ್ತೀರಾ? “ಇವಳು ಮದುವೆಗೆ ಹೋಗೋದು ಊಟಕ್ಕಲ್ಲ, ಪತ್ರಿಕೆ ದಪ್ಪಗಿದೆಯೋ ಇಲ್ಲವೋ ನೋಡ್ಕೊಂಡು” ಎಂದು ನಮ್ಮವರು ಹಾಸ್ಯ ಮಾಡುತ್ತಾರೆ. ಮಾಡಲಿ ಬಿಡಿ.

ನಾವಿರುವುದು ಅರಸೀಕೆರೆ. ತೆಂಗಿನ ಸೀಮೆ. ನಮ್ಮವರದು ಕೊಬ್ಬರಿ ವ್ಯಾಪಾರ. ಮೈದುನನ ಹೆಂಡತಿ ಹತ್ತಿರದ ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಒಂದೇ ಮನೆ, ಒಂದೇ ಒಲೆ. ಅವಳು ಬೆಳಿಗ್ಗೆ ಬಸ್ಸಿಗೆ ಓಡಿದರೆ ನಾನು ಮನೆ ನೋಡಿಕೊಳ್ಳುತ್ತೇನೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತೇವೆ. ಕತ್ತರಿ, ಅಂಟು, ಚಿತ್ರ ನನ್ನ ಪಾಲಿಗೆ. ಪಾಠ ಅವಳ ಪಾಲಿಗೆ.

ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ನಮ್ಮ ಕಾಲದ ಇಂಗ್ಲಿಷ್ ಹೇಗಿತ್ತೆಂದು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ಕನ್ನಡ ಶಾಲೆಯವರಿಗೆ ಅದು ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಹಸುವಿನ ಮೇಲೆ ಪ್ರಬಂಧ ಎಂದರೆ ಮೇಷ್ಟ್ರು ಬೋರ್ಡಿನ ಮೇಲೆ ಹತ್ತು ಸಾಲು ಬರೆಯುತ್ತಿದ್ದರು. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ನಾವು ಅದನ್ನು ನೋಡಿ ಬರೆದು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದೆವು. ನಮ್ಮ ಕೊಟ್ಟಿಗೆಯಲ್ಲಿ ಒಂದು ಹಸುವಿತ್ತು. ಅಮ್ಮ ಬಿಟ್ಟರೆ ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಆ ಹಸುವಿನ ಬಗ್ಗೆ ಒಂದು ಸಾಲು ಬರೆಯಿರಿ ಎಂದು ಹತ್ತನೇ ಕ್ಲಾಸು ಮುಗಿಯುವವರೆಗೂ ಯಾರೂ ನಮ್ಮನ್ನು ಕೇಳಲಿಲ್ಲ. ನಮ್ಮದಲ್ಲದ ಹಸುವಿಗೆ ನಾಲ್ಕು ಕಾಲು ಎಣಿಸಿದ್ದೇ ನಮ್ಮ ಇಂಗ್ಲಿಷ್ ಆಯಿತು.

ಈಗ ಕಾಲ ಬದಲಾಗಿದೆ. 2007-08ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಕಲಿಸುತ್ತಾರೆ. ಆದರೂ ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಬಂದು ಹಾರನ್ ಹೊಡೆಯುತ್ತದೆ. ಟೈ ಕಟ್ಟಿದ ಮಕ್ಕಳು ಅದರಲ್ಲಿ ತುಂಬಿಕೊಂಡು ಪೇಟೆಗೆ ಹೋಗುತ್ತಾರೆ. ಊರ ಶಾಲೆಯಲ್ಲಿ ಉಳಿಯುವವರು ವ್ಯಾನಿನ ಫೀಸು ಕಟ್ಟಲಾಗದವರ ಮಕ್ಕಳು. ನನ್ನ ವಾರಗಿತ್ತಿಯ ಐದನೇ ಕ್ಲಾಸಿನಲ್ಲಿ ಆಗ ಇದ್ದದ್ದು ಹನ್ನೊಂದು ಮಕ್ಕಳು. ಪ್ರತಿ ಜೂನ್ ಬಂತೆಂದರೆ ಯಾರಾದರೂ ಒಬ್ಬರು ಟಿ.ಸಿ. ಕೇಳಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಇಂಗ್ಲೀಸು ಬರ್ಬೇಕಲ್ಲ ಮೇಡಂ.”

ಆ ಹನ್ನೊಂದರಲ್ಲಿ ಒಬ್ಬಳು ಹುಡುಗಿ. ತಾಯಿ ಕೊಬ್ಬರಿ ಮಂಡಿಯಲ್ಲಿ ಕೂಲಿ, ತಂದೆ ಲಾರಿ ಡ್ರೈವರು. ಹುಡುಗಿಯ ಅಕ್ಷರ ಮುತ್ತಿನಂಥದ್ದು. ಬೋರ್ಡಿನ ಮೇಲೆ ಏನು ಬರೆದರೂ ಅಚ್ಚು ಹಾಕಿದ ಹಾಗೆ ನೋಟ್‌ಬುಕ್ಕಿಗೆ ಇಳಿಸುತ್ತಾಳೆ. ಒಂದು ದಿನ ನನ್ನ ವಾರಗಿತ್ತಿ ಆ ಪುಟದ ಮೇಲೆ ಬೆರಳಿಟ್ಟು, “ಇದು ಏನು ಓದಮ್ಮ” ಎಂದು ಕೇಳಿದಳಂತೆ. ಹುಡುಗಿ ಸುಮ್ಮನೆ ನಿಂತಳು. “ನಿನ್ನ ಬಗ್ಗೆ ಒಂದೇ ಒಂದು ಸಾಲು ಇಂಗ್ಲಿಷಿನಲ್ಲಿ ಬರಿ” ಎಂದರೆ ಪೆನ್ಸಿಲ್ಲು ಕಚ್ಚುತ್ತಾ ಕೂತಳು. ಗಂಟೆ ಹೊಡೆದರೂ ಹಾಳೆ ಬಿಳಿಯಾಗಿಯೇ ಇತ್ತು. ಬರುವ ಜೂನ್‌ಗೆ ಇವಳನ್ನೂ ವ್ಯಾನಿಗೆ ಹತ್ತಿಸುವುದೆಂದು ತಾಯಿ ಆಗಲೇ ತೀರ್ಮಾನ ಮಾಡಿಯಾಗಿತ್ತು. ಕಿವಿಯ ಓಲೆ ಅಡವಿಟ್ಟಾದರೂ ಸರಿ ಎಂದಿದ್ದಳು.

ಆ ರಾತ್ರಿ ನನ್ನ ವಾರಗಿತ್ತಿ ಊಟ ಸರಿಯಾಗಿ ಮಾಡಲಿಲ್ಲ. “ಅಕ್ಕಾ, ಐದು ವರ್ಷ ಇಂಗ್ಲಿಷ್ ಕಲಿತ ಮಗು ಚಿತ್ರ ಬಿಡಿಸಿದ ಹಾಗೆ ಅಕ್ಷರ ಬಿಡಿಸ್ತಿದೆ. ಬರೀತಿಲ್ಲ” ಎಂದಳು. ಬರೆಯುವುದು ಬೇರೆ, ನಕಲು ಇಳಿಸುವುದು ಬೇರೆ ಎಂಬುದನ್ನು ನಾನು ಸರಿಯಾಗಿ ಯೋಚಿಸಿದ್ದು ಅವತ್ತೇ.

ಪೇಟೆಯಿಂದ ಅಭ್ಯಾಸ ಪುಸ್ತಕ ತರಿಸಿ ನೋಡಿದೆವು. ನುಣುಪಾದ ಹಾಳೆ, ಬಣ್ಣ ಬಣ್ಣದ ಚಿತ್ರ. ‘ಐ’ ಅಕ್ಷರಕ್ಕೆ ಇಗ್ಲೂ, ‘ವೈ’ ಅಕ್ಷರಕ್ಕೆ ಯಾಕ್. ಒಂದು ಪುಟದಲ್ಲಿ ಹಿಮದ ಬೊಂಬೆ, ಇನ್ನೊಂದರಲ್ಲಿ ಸಮುದ್ರತೀರದಲ್ಲಿ ರಜೆ ಕಳೆಯುವ ಸಂಸಾರ. ಬಿಟ್ಟ ಸ್ಥಳ ತುಂಬಿರಿ! ತುಂಬುವುದಾದರೂ ಏನನ್ನು? ಹಿಮ ನೋಡದ ಮಗು ಮೊದಲು ಹಿಮ ಏನೆಂದು ತಿಳಿಯಬೇಕು, ಆಮೇಲೆ ಅದರ ಇಂಗ್ಲಿಷ್ ಹೆಸರು ಕಲಿಯಬೇಕು, ಆಮೇಲೆ ಅದರ ಸ್ಪೆಲಿಂಗ್. ಒಂದು ಹೊರೆಯ ಮೇಲೆ ಮೂರು ಹೊರೆ. ಮೊಬೈಲಿನಲ್ಲಿ ಹುಡುಕಿದರೆ ಇಂಥ ಹಾಳೆಗಳು ರಾಶಿ ರಾಶಿ ಸಿಗುತ್ತವೆ, ಜೆರಾಕ್ಸ್ ಅಂಗಡಿಯವನು ಕ್ಷಣದಲ್ಲಿ ತೆಗೆದುಕೊಡುತ್ತಾನೆ. “ಎಲ್ಲಾ ಸಿಗುತ್ತೆ ಅಕ್ಕಾ, ನಮ್ಮ ಮಕ್ಕಳ ಮನೆ ಮಾತ್ರ ಅದರಲ್ಲಿ ಸಿಗಲ್ಲ” ಎಂದಳು ಅವಳು.

ಆಗ ಅವಳಿಗೆ ತರಬೇತಿಯಲ್ಲಿ ಕೇಳಿದ್ದ ಒಬ್ಬ ಟೀಚರಮ್ಮನ ಕಥೆ ನೆನಪಾಯಿತು. ದೂರದ ನ್ಯೂಜಿಲೆಂಡಿನವರು, ಹೆಸರು ಸಿಲ್ವಿಯಾ ಆಷ್ಟನ್-ವಾರ್ನರ್. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮಕ್ಕಳಿಗೆ ಇಂಗ್ಲಿಷ್ ಓದುಬರಹ ಕಲಿಸುತ್ತಿದ್ದವರು. ಆ ಕಾಲಕ್ಕೆ ಶಾಲೆಗೆ ಬರುತ್ತಿದ್ದ ಓದುಪುಸ್ತಕದಲ್ಲಿ ಜಾನೆಟ್, ಜಾನ್ ಎಂಬ ಅಚ್ಚುಕಟ್ಟಾದ ಬಿಳಿಯರ ಮಕ್ಕಳು. ಅವರ ಮನೆ ಬೇರೆ, ಆಟ ಬೇರೆ, ಮಾತು ಬೇರೆ. ಮಾವೊರಿ ಮಕ್ಕಳಿಗೆ ಅದು ಹಿಡಿಸಲಿಲ್ಲ. ಈಕೆ ಏನು ಮಾಡಿದರು ಗೊತ್ತೇ? ಒಂದೊಂದು ಮಗುವನ್ನೂ ಹತ್ತಿರ ಕರೆದು, “ನಿನಗೆ ಯಾವ ಪದ ಬೇಕು?” ಎಂದು ಕೇಳಿದರು. ಮಗು ಹೇಳಿದ ಪದವನ್ನು ಗಟ್ಟಿ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಮಾರನೆಯ ಬೆಳಿಗ್ಗೆ ಎಲ್ಲರ ಕಾರ್ಡುಗಳನ್ನೂ ನೆಲದ ಮೇಲೆ ಸುರಿದರೆ, ಒಬ್ಬೊಬ್ಬರೂ ತಮ್ಮ ತಮ್ಮ ಪದ ಹುಡುಕಿಕೊಳ್ಳಬೇಕು. ಗುರುತು ಹತ್ತದಿದ್ದರೆ ಆ ಪದ ಮಗುವಿನ ಮನಸ್ಸಿನದಲ್ಲವೆಂದು ಆ ಕಾರ್ಡನ್ನು ತೆಗೆದುಹಾಕುತ್ತಿದ್ದರು. ಆ ಮಕ್ಕಳು ಕೇಳಿದ ಪದಗಳಲ್ಲಿ ಭೂತವೂ ಇತ್ತು, ಮುತ್ತೂ ಇತ್ತು! ಭಯ ಮತ್ತು ಪ್ರೀತಿ, ಮಗುವಿನ ಮನಸ್ಸಿನಲ್ಲಿ ಬೇಗ ನಿಲ್ಲುವುದು ಈ ಎರಡೇ ಎಂದು ಅವರು ಕಂಡುಕೊಂಡರು. ಇದನ್ನೆಲ್ಲ ಅವರು ‘ಟೀಚರ್’ ಎಂಬ ಪುಸ್ತಕದಲ್ಲಿ ಬರೆದರು, ಅದು ಅಚ್ಚಾದದ್ದು 1963ರಲ್ಲಿ. ಮಕ್ಕಳಿಗೆ ಬೇಕಾದ ಓದುಪುಸ್ತಕಗಳನ್ನೂ ತಾವೇ ಬರೆದು, ತಾವೇ ಚಿತ್ರ ಬಿಡಿಸಿ ಮಾಡಿದ್ದರು.

“ನ್ಯೂಜಿಲೆಂಡಿನಲ್ಲಿ ಆದದ್ದು ಅರಸೀಕೆರೆಯಲ್ಲಿ ಯಾಕಾಗಬಾರದು?” ಎಂದೆ ನಾನು. ಟ್ರಂಕು ತೆರೆದದ್ದು ಅಂದೇ.

ಮೊದಲನೆಯ ದಿನ ಹನ್ನೊಂದು ಕಾರ್ಡು ಕತ್ತರಿಸಿ ಕೊಟ್ಟೆ. ಸಂಜೆ ಅವಳು ಬಂದು ಚೀಲ ಸುರಿದಾಗ ಆ ಮಕ್ಕಳ ಊರೇ ನಮ್ಮ ಚಾಪೆಯ ಮೇಲೆ ಬಿದ್ದ ಹಾಗಾಯಿತು. ಒಬ್ಬನಿಗೆ ಮೇಕೆಮರಿ ಬೇಕು, ಒಬ್ಬನಿಗೆ ಟ್ರ್ಯಾಕ್ಟರು. ಒಬ್ಬಳಿಗೆ ಸತ್ತುಹೋದ ಅಜ್ಜಿ. ಇನ್ನೊಬ್ಬನಿಗೆ ಚಿರತೆ, ತೋಟದ ಕಡೆ ಹೆಜ್ಜೆ ಕಂಡಿತ್ತಂತೆ. ನಮ್ಮ ಮುತ್ತಿನಕ್ಷರದ ಹುಡುಗಿ ಕೇಳಿದ್ದು ಲಾರಿ. ಎಲ್, ಓ, ಎರಡು ಆರ್, ವೈ. ಮಾರನೆಯ ದಿನ ಹನ್ನೊಂದರಲ್ಲಿ ಒಂಬತ್ತು ಮಕ್ಕಳು ರಾಶಿಯಿಂದ ತಮ್ಮ ಕಾರ್ಡನ್ನು ಹೆಕ್ಕಿಕೊಂಡರು. ಹುಡುಗಿ ಲಾರಿಯನ್ನು ಹೆಕ್ಕಿದ್ದಷ್ಟೇ ಅಲ್ಲ, ನೋಡದೆ ಸ್ಲೇಟಿನ ಮೇಲೆ ಬರೆದು ತೋರಿಸಿದಳು.

ಒಂದು ಪದವೇನೋ ಬಂತು. ಸಾಲು ಬರಬೇಕಲ್ಲ? ಇಲ್ಲಿಯೇ ನಮ್ಮ ಮಕ್ಕಳು ಎಡವುವುದು. ಕನ್ನಡದಲ್ಲಿ ನಾವು ‘ಅಜ್ಜಿ ಹಾಲು ಕಾಯಿಸುತ್ತಾಳೆ’ ಎನ್ನುತ್ತೇವೆ. ಕೆಲಸದ ಮಾತು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ನುಗ್ಗಬೇಕು: ಗ್ರ್ಯಾಂಡ್‌ಮದರ್ ಬಾಯ್ಲ್ಸ್ ಮಿಲ್ಕ್. ನಾವು ‘ತಿಂದೆ’ ಎಂದರೆ ತಿಂದದ್ದು ನಾನೇ ಎಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಐ’ ಬಿಟ್ಟರೆ ಸಾಲೇ ನಿಲ್ಲುವುದಿಲ್ಲ. ಇದನ್ನು ವ್ಯಾಕರಣದ ಹೆಸರಿನಲ್ಲಿ ಹೇಳಿದರೆ ಹತ್ತು ವರ್ಷದ ಮಗುವಿಗೆ ನಿದ್ದೆ ಬರುತ್ತದೆ. ನನ್ನ ವಾರಗಿತ್ತಿ ಬಣ್ಣದಲ್ಲಿ ಹೇಳಿದಳು. ಯಾರು ಎಂಬುದಕ್ಕೆ ಹಳದಿ ಅಂಚಿನ ಕಾರ್ಡು, ಏನು ಮಾಡುತ್ತಾರೆ ಎಂಬುದಕ್ಕೆ ಕೆಂಪು ಅಂಚು, ಏನನ್ನು ಎಂಬುದಕ್ಕೆ ಹಸಿರು ಅಂಚು. ಕನ್ನಡದ ಸಾಲು ಹಳದಿ, ಹಸಿರು, ಕೆಂಪು. ಇಂಗ್ಲಿಷಿನ ಸಾಲು ಹಳದಿ, ಕೆಂಪು, ಹಸಿರು. ಮಕ್ಕಳು ನೆಲದ ಮೇಲೆ ಜೋಡಿಸಿ, ಅದಲು ಬದಲು ಮಾಡಿ, ನಕ್ಕು, ಕೊನೆಗೆ ಪುಸ್ತಕದಲ್ಲಿ ಬರೆದುಕೊಂಡರು.

ಒಬ್ಬಳೇ ಅಜ್ಜಿ ಮಾಡಿದರೆ ಕೆಲಸದ ಪದದ ಬಾಲಕ್ಕೆ ‘ಎಸ್’ ಸೇರಬೇಕಲ್ಲ, ಅದನ್ನು ಎಲ್ಲರೂ ಮರೆಯುತ್ತಿದ್ದರು. ಅದಕ್ಕೆ ನಾನು ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಮೇಲೆ ‘ಎಸ್’ ಬರೆದುಕೊಟ್ಟೆ. ಹಳದಿ ಕಾರ್ಡಿನಲ್ಲಿ ಅಜ್ಜಿಯೋ, ಅಪ್ಪನೋ, ಮೇಕೆಯೋ ಒಬ್ಬರೇ ಇದ್ದರೆ ಕೆಂಪು ಕಾರ್ಡಿಗೆ ಕ್ಲಿಪ್ಪು ಸಿಕ್ಕಿಸಬೇಕು. ‘ನಾನು’ ಬಂದರೆ ಕ್ಲಿಪ್ಪು ತೆಗೆಯಬೇಕು. ಅಷ್ಟೇ. ಈಗ ಯಾರಾದರೂ ಎಸ್ ಬಿಟ್ಟು ಬರೆದರೆ ಪಕ್ಕದ ಮಗುವೇ, “ಏ, ಕ್ಲಿಪ್ಪು ಹಾಕಿಲ್ಲ ಕಣೋ!” ಎಂದು ಕೂಗುತ್ತದಂತೆ. ನಮ್ಮನೆ ಹಗ್ಗದ ಮೇಲೆ ಬಟ್ಟೆ ಹಾರಿಹೋದರೂ ಚಿಂತೆಯಿಲ್ಲ, ಕ್ಲಿಪ್ಪುಗಳು ಒಳ್ಳೆಯ ಕೆಲಸದಲ್ಲಿವೆ.

ಚಿಕ್ಕ ಕ್ಲಾಸಿನ ಮಕ್ಕಳಿಗೆ ನಾಲ್ಕು ಗೆರೆಯ ಕಾಪಿ ಪುಸ್ತಕ ದೊಡ್ಡ ತಲೆನೋವು. ಯಾವ ಅಕ್ಷರ ಎಲ್ಲಿಗೆ ಏರಬೇಕು, ಎಲ್ಲಿಗೆ ಇಳಿಯಬೇಕು ತಿಳಿಯದು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೂ ಇಲ್ಲ ನೋಡಿ. ಅವಳು ಹಳೆ ಕ್ಯಾಲೆಂಡರಿನ ಬೆನ್ನಿಗೆ ನಾಲ್ಕು ದಪ್ಪ ಗೆರೆ ಎಳೆದು ಒಂದು ಮನೆ ಮಾಡಿದಳು. ಮೇಲಿನದು ಅಟ್ಟ, ಮಧ್ಯೆ ನಡುಮನೆ, ಕೆಳಗೆ ರಾಗಿ ತುಂಬುವ ಹಗೇವು. ಚಿಕ್ಕ ‘ಎ’ ನಡುಮನೆಯಲ್ಲೇ ಕೂರುತ್ತದೆ. ಚಿಕ್ಕ ‘ಬಿ’ ಅಟ್ಟಕ್ಕೆ ಕೈ ಚಾಚುತ್ತದೆ. ಚಿಕ್ಕ ‘ಜಿ’ ಹಗೇವಿಗೆ ಕಾಲು ಬಿಡುತ್ತದೆ. ಹಗೇವು ಎಂದರೇನೆಂದು ಮಕ್ಕಳು ಕೇಳಿದಾಗ, “ನಿಮ್ಮ ತಾತನ್ನ ಕೇಳ್ಕೊಂಡು ಬನ್ನಿ” ಎಂದಳಂತೆ. ಸಾಲಿನ ಮೊದಲಕ್ಷರ ಯಜಮಾನ, ಅವನು ಪೇಟ ಸುತ್ತಿಕೊಂಡು ದೊಡ್ಡದಾಗಿ ನಿಲ್ಲಬೇಕು. ಸಾಲು ಮುಗಿದರೆ ಬೊಟ್ಟಿಡಬೇಕು. ‘ಬಿ’ ಮತ್ತು ‘ಡಿ’ ಅದಲು ಬದಲಾದರೆ ಎರಡೂ ಕೈ ಮುಷ್ಟಿ ಮಾಡಿ, ಮುಷ್ಟಿಗೆ ಮುಷ್ಟಿ ತಾಗಿಸಿ ಎದುರಿಗೆ ಹಿಡಿದು, ಹೆಬ್ಬೆರಳು ಮೇಲೆತ್ತಿ ನೋಡುವುದು. ಎಡಗೈ ‘ಬಿ’, ಬಲಗೈ ‘ಡಿ’, ನಡುವೆ ‘ಇ’ ಇದೆ ಎಂದುಕೊಂಡರೆ ‘ಬೆಡ್’. ಹಾಸಿಗೆ ಸಿದ್ಧ! ಇದನ್ನು ನಿಮ್ಮ ಮನೆಯ ಮಗುವಿಗೂ ಹೇಳಿಕೊಡಿ, ಖರ್ಚಿಲ್ಲದ ಉಪಾಯ.

ಇಂಥದ್ದೆಲ್ಲ ನಾವಿಬ್ಬರೇ ಕಂಡುಹಿಡಿದದ್ದು ಎಂದು ತಿಳಿಯಬೇಡಿ. ನಮ್ಮ ರಾಜ್ಯದಲ್ಲೇ ಇದಕ್ಕೆ ದೊಡ್ಡ ದಾರಿ ಹಾಕಿಕೊಟ್ಟವರಿದ್ದಾರೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿಯ ಹತ್ತಿರವಿರುವ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸುವುದನ್ನು ಕಂಡು ಬಂದರು. ಬಂದವರು ತಾವೇ ಕೂತು ಕನ್ನಡದಲ್ಲಿ ಕಾರ್ಡು, ಹಾಡು, ಆಟ ಎಲ್ಲವನ್ನೂ ಸಿದ್ಧಪಡಿಸಿದರು. ಅದೇ ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ಕ್ಲಾಸುಗಳಿಗೆಲ್ಲ ಬಂತು. ಈಗ ಅಚ್ಚಾದ ಕಾರ್ಡುಗಳು ಬರುತ್ತವೆ. ಆದರೆ ಮೊದಲ ಕಾರ್ಡುಗಳು ಪಾಠ ಮಾಡುವವರ ಕೈಯಿಂದಲೇ ಹುಟ್ಟಿದವು ಎಂಬುದು ನನಗೆ ಬಹಳ ಹೆಮ್ಮೆಯ ಮಾತು.

ಬೆಂಗಳೂರಿನಲ್ಲಿ 1963ರಿಂದ ಒಂದು ಸಂಸ್ಥೆಯಿದೆ, ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ನಮ್ಮ ಮೇಷ್ಟ್ರು, ಟೀಚರುಗಳಿಗೆ ಇಂಗ್ಲಿಷ್ ಪಾಠದ ತರಬೇತಿ ಕೊಡುವುದು ಅಲ್ಲೇ. ಆ ಸಂಸ್ಥೆಯೂ ಸೇರಿಕೊಂಡಿದ್ದ ಒಂದು ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬವರು ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ಅದನ್ನು ನಡೆಸಿದರು. ವ್ಯಾಕರಣ ಹೇಳಿಕೊಟ್ಟು ಆಮೇಲೆ ಬರೆಸುವುದಲ್ಲ. ಮಕ್ಕಳ ಮುಂದೆ ಒಂದು ರೈಲ್ವೆ ವೇಳಾಪಟ್ಟಿಯನ್ನೋ, ನಕ್ಷೆಯನ್ನೋ ಇಟ್ಟು, ತಲೆ ಓಡಿಸಿ ಬಿಡಿಸುವ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕೊಡುವುದು. ಲೆಕ್ಕದ ಮೇಲೆ ಗಮನವಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಬರೆದ ಪುಸ್ತಕವನ್ನು ಹೊರದೇಶಗಳಲ್ಲೂ ಓದಿದರು.

ರೈಲು ವೇಳಾಪಟ್ಟಿ ಎಂದ ಕೂಡಲೇ ನಮ್ಮ ಕಿವಿ ನೆಟ್ಟಗಾಯಿತು. ಅರಸೀಕೆರೆ ಜಂಕ್ಷನ್ನಿನವರಿಗೆ ಅದನ್ನು ಹೇಳಿಕೊಡಬೇಕೇ? ಹುಬ್ಬಳ್ಳಿ ಕಡೆಗೆ ಒಂದು ದಾರಿ, ಬೆಂಗಳೂರಿನ ಕಡೆಗೆ ಒಂದು, ಹಾಸನದ ಮೇಲೆ ಮೈಸೂರಿಗೆ ಇನ್ನೊಂದು. ನಮ್ಮವರು ನಿಲ್ದಾಣಕ್ಕೆ ಹೋಗಿ ಐದಾರು ಗಾಡಿಗಳ ವೇಳೆ ಬರೆದುಕೊಂಡು ಬಂದರು. ಅದನ್ನು ಷರ್ಟಿನ ರಟ್ಟಿನ ಮೇಲೆ ಅಚ್ಚುಕಟ್ಟಾಗಿ ಬರೆದು ಕಳಿಸಿದೆ. ‘ನಿಮ್ಮ ಚಿಕ್ಕಮ್ಮ ಮೈಸೂರಿನಲ್ಲಿದ್ದಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರಬೇಕು. ಯಾವ ಗಾಡಿ ಹಿಡಿಯುತ್ತೀರಿ? ಚಿಕ್ಕಮ್ಮನಿಗೆ ಎರಡು ಸಾಲಿನ ಕಾಗದ ಬರೆಯಿರಿ.’ ಮಕ್ಕಳು ತಲೆಗೆ ತಲೆ ತಾಗಿಸಿ ಕೂತು ಜಗಳವಾಡಿಕೊಂಡು ಬರೆದರಂತೆ. ಒಬ್ಬ ಹುಡುಗ ಗಾಡಿಯ ಹೊತ್ತು ಬರೆದು, ಮೂರನೆಯ ಸಾಲಿನಲ್ಲಿ ತಾನಾಗಿಯೇ, ‘ಪ್ಲೀಸ್ ಮೇಕ್ ಚಿಕನ್’ ಎಂದು ಸೇರಿಸಿದ್ದ. ಯಾರೂ ಕೇಳದೆ ಬಂದ ಸಾಲು! ನನ್ನ ವಾರಗಿತ್ತಿ ಅದಕ್ಕೆ ಎರಡು ನಕ್ಷತ್ರ ಹಾಕಿದಳು.

ಹೀಗೆ ಸಾಲುಗಳು ಸೇರಿದ ಮೇಲೆ ಪುಸ್ತಕದ ಸರದಿ. ಒಂದು ಬದಿ ಖಾಲಿಯಿರುವ ಹಾಳೆಗಳನ್ನು ಬರೆದ ಬದಿ ಒಳಗಾಗುವಂತೆ ಎರಡೆರಡು ಅಂಟಿಸಿ, ಅಂಥ ಎರಡು ಜೋಡಿಯನ್ನು ನಡುವೆ ಮಡಿಸಿದರೆ ಎಂಟು ಪುಟ. ಮಡಿಕೆಯ ಮೇಲೆ ದಪ್ಪ ಸೂಜಿಯಲ್ಲಿ ಮೂರು ಹೊಲಿಗೆ. ಹೊರಗೆ ಲಗ್ನಪತ್ರಿಕೆಯ ರಟ್ಟು. ಎಡಗಡೆ ಮಗು ಚಿತ್ರ ಬಿಡಿಸಬೇಕು, ಬಲಗಡೆ ಒಂದು ಸಾಲು ಬರೆಯಬೇಕು. ಮೇಲೆ ಮಗುವಿನ ಹೆಸರು, ಅಚ್ಚಾದ ಪುಸ್ತಕದಲ್ಲಿ ಇರುವ ಹಾಗೆಯೇ. ಒಬ್ಬ ಹುಡುಗ ಉಂಡೆ ಕೊಬ್ಬರಿ ಆಗುವ ಬಗೆಯನ್ನು ಬರೆದ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುವುದು, ನೀರು ಇಂಗಿ ಒಳಗಿನ ಕೊಬ್ಬರಿ ಕಳಚಿಕೊಂಡು ಗಡಗಡ ಎನ್ನುವುದು ನಿಮ್ಮಲ್ಲಿ ತೆಂಗಿನ ಸೀಮೆಯವರಿಗೆಲ್ಲ ಗೊತ್ತು. ಆ ಹುಡುಗ ಬರೆದ ಮೊದಲ ಸಾಲು: ‘ದಿ ಕೋಕನಟ್ ಸ್ಲೀಪ್ಸ್ ಇನ್ ದಿ ಅಟ್ಟ.’ ಕಾಯಿ ಅಟ್ಟದಲ್ಲಿ ಮಲಗಿದೆ! ಇಪ್ಪತ್ತು ವರ್ಷದಿಂದ ಕೊಬ್ಬರಿ ಮಾರುವ ನಮ್ಮವರು ಅದನ್ನು ಓದಿಸಿ ಕೇಳಿ, “ಹೌದಲ್ಲೇ, ಮಲಗೇ ಇರುತ್ತೆ” ಎಂದು ಖುಷಿಪಟ್ಟರು. ಅಟ್ಟಕ್ಕೆ ಇಂಗ್ಲಿಷ್ ಪದ ಹಾಕಬೇಡವೇ ಎಂದು ನಾನು ಕೇಳಿದೆ. “ಇರಲಿ ಅಕ್ಕಾ, ಒಂದು ಪದ ಕನ್ನಡದ್ದು ಕೂತ್ರೆ ಇಂಗ್ಲಿಷಿಗೆ ಭಾರವಾಗಲ್ಲ. ಆ ಪದ ಹುಡುಕ್ತಾ ಕೂತು ಸಾಲೇ ನಿಂತುಹೋಗಬಾರದು” ಎಂದಳು. ಆಮೇಲೆ ನಿಧಾನವಾಗಿ ಆ ಪದವನ್ನೂ ಹೇಳಿಕೊಡುತ್ತಾಳೆ.

ಇನ್ನು ನಮ್ಮ ಹುಡುಗಿ. ಅವಳ ಪುಸ್ತಕದಲ್ಲಿ ನಾಲ್ಕೇ ಸಾಲು. ‘ಮೈ ಫಾದರ್ ಡ್ರೈವ್ಸ್ ಎ ಲಾರಿ. ಹಿ ಗೋಸ್ ಟು ಡೆಲ್ಲಿ. ಹಿ ಕಮ್ಸ್ ಎಟ್ ನೈಟ್. ಐ ಓಪನ್ ದಿ ಡೋರ್.’ ಕೊನೆಯ ಸಾಲಿನ ಎದುರಿಗೆ ಬಾಗಿಲ ಚಿತ್ರ, ಚಿಲಕದ ಹತ್ತಿರ ಪುಟ್ಟ ಕೈ. ಅಪ್ಪ ಬಂದಾಗ ಬಾಗಿಲು ತೆಗೆಯುವವಳು ತಾನು! ಆ ಸಾಲನ್ನು ಯಾವ ಪಟ್ಟಣದ ಅಭ್ಯಾಸ ಪುಸ್ತಕ ತಾನೇ ಬರೆಸೀತು ಹೇಳಿ? ಅವಳಪ್ಪ ರಾತ್ರಿ ಬರುತ್ತಾನೆಂದು ಅಚ್ಚುಹಾಕುವವರಿಗೆ ಹೇಗೆ ಗೊತ್ತಾಗಬೇಕು? ಆ ಮಗುವನ್ನು ಬಲ್ಲ ಟೀಚರಿಗೆ ಮಾತ್ರ ಅದು ಗೊತ್ತು.

ಬೇಸಿಗೆ ರಜೆಗೆ ಮುಂಚೆ ತಾಯಿ ಶಾಲೆಗೆ ಬಂದಳು, ಟಿ.ಸಿ. ವಿಷಯ ಮಾತಾಡಲು. ನನ್ನ ವಾರಗಿತ್ತಿ ಬೇಡವೆನ್ನಲಿಲ್ಲ. ಇನ್ನೊಂದು ಶಾಲೆಯನ್ನು ಹಳಿಯಲೂ ಇಲ್ಲ. “ಕೂತ್ಕೊಳಮ್ಮ” ಎಂದು ಬೆಂಚು ತೋರಿಸಿ ಹುಡುಗಿಯನ್ನು ಕರೆದಳು. ಹುಡುಗಿ ನಾಲ್ಕು ಸಾಲು ಓದಿ, ಒಂದೊಂದಕ್ಕೂ ಅರ್ಥ ಹೇಳಿದಳು. ತಾಯಿಗೆ ಓದು ಬಾರದು. ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಬೋರ್ಡು ನೋಡ್ಕೊಂಡು ಬರ್ದಿದ್ದಾ ಮೇಡಂ?” ಎಂದು ಕೇಳಿದಳಂತೆ. “ಬೋರ್ಡಿನ ಮೇಲೆ ನಿಮ್ಮನೆ ಬಾಗಿಲು ನಾನೆಲ್ಲಿ ಬರೀಲಿ? ಕಾರ್ಡು ನಮ್ಮದು, ಸಾಲು ನಿನ್ನ ಮಗಳದು.” ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಅವರಪ್ಪ ಬರ್ಲಿ, ಓದಿ ತೋರಿಸ್ಲಿ, ಆಮೇಲೆ ನೋಡನ ತಗಳಿ” ಎಂದು ಪುಸ್ತಕ ತೆಗೆದುಕೊಂಡು ಹೋದಳು.

ಅಪ್ಪ ಬಂದರು, ಕೇಳಿದರು. ಕೇಳಿದ್ದಷ್ಟೇ ಅಲ್ಲ, ಆ ಪುಸ್ತಕವನ್ನು ಲಾರಿಯಲ್ಲಿಟ್ಟುಕೊಂಡು ಹೊರಟೇಹೋದರು! ಜೂನ್ ತಿಂಗಳಲ್ಲಿ ಹುಡುಗಿ ಆರನೇ ಕ್ಲಾಸಿಗೆ ಅದೇ ಶಾಲೆಗೆ ಬಂದಳು, ಆದರೆ ಪುಸ್ತಕವಿಲ್ಲ. “ಪರವಾಗಿಲ್ಲ, ಇನ್ನೊಂದು ಬರಿ” ಎಂದು ಖಾಲಿ ಪುಸ್ತಕ ಕೊಟ್ಟರೆ, ಕಾರ್ಡಿಲ್ಲ, ಕ್ಲಿಪ್ಪಿಲ್ಲ, ಯಾರನ್ನೂ ಕೇಳಲಿಲ್ಲ, ಆ ನಾಲ್ಕು ಸಾಲನ್ನೂ ಬರೆದು ಕೆಳಗೆ ಹೊಸದೊಂದು ಸೇರಿಸಿದಳು. ಅಪ್ಪ ತನ್ನ ಪುಸ್ತಕ ತೆಗೆದುಕೊಂಡು ಹೋದರೆಂದು. ಪೆನ್ಸಿಲ್ಲು ಕಚ್ಚುತ್ತಾ ಕೂತಿದ್ದವಳು ಇವಳೇ.

ಎಲ್ಲ ಕಥೆಯೂ ಹೀಗೆ ಮುಗಿಯಿತೆಂದು ಹೇಳಲಾರೆ. ಅದೇ ಜೂನ್‌ನಲ್ಲಿ ಮೂರು ಮಕ್ಕಳು ಟಿ.ಸಿ. ತೆಗೆದುಕೊಂಡು ಹೋದವು. ಹನ್ನೊಂದು ಇದ್ದದ್ದು ಎಂಟಾಯಿತು. ನಮ್ಮ ಕಾ‌ರ್ಡುಗಳು ವ್ಯಾನನ್ನು ನಿಲ್ಲಿಸಲಾರವು. “ಸಿಲೆಬಸ್ ಮುಗಿಸೋದು ಬಿಟ್ಟು ಇದೇನು ಆಟ?” ಎಂದು ಕೇಳಿದವರೂ ಇದ್ದಾರೆ. ಕೇಳಿದ್ದರಲ್ಲಿ ನ್ಯಾಯವೂ ಇದೆ. ಪರೀಕ್ಷೆ ಇರುವುದು ಪಠ್ಯಪುಸ್ತಕದ ಮೇಲೆಯೇ, ಅದನ್ನು ಬಿಟ್ಟರೆ ನಷ್ಟ ಮಕ್ಕಳಿಗೇ. ಅದಕ್ಕೆ ನನ್ನ ವಾರಗಿತ್ತಿ ಪಠ್ಯದ ಒಂದೊಂದು ಪಾಠಕ್ಕೂ ನಮ್ಮೂರಿನ ಕಾರ್ಡು ಮಾಡುತ್ತಾಳೆ. ಪಠ್ಯದಲ್ಲಿ ಸಂತೆಯ ಪಾಠವಿದ್ದರೆ ಕಾರ್ಡಿನಲ್ಲಿ ನಮ್ಮೂರ ಸಂತೆ. ಕೈಯಲ್ಲಿ ಬರೆದದ್ದರಲ್ಲಿ ಕಾಗುಣಿತ ತಪ್ಪಿದರೆ ಮಕ್ಕಳು ತಪ್ಪನ್ನೇ ಕಲಿಯುತ್ತವೆ ಎಂದು ಪ್ರತಿ ಕಾರ್ಡನ್ನೂ ನಿಘಂಟು ನೋಡಿಯೇ ಚೀಲಕ್ಕೆ ಹಾಕುತ್ತಾಳೆ. ಸ್ಕೆಚ್ ಪೆನ್ನು, ದಾರ, ಟೇಪು ಎಲ್ಲ ಅವಳ ಸಂಬಳದ್ದೇ. ರಾತ್ರಿ ಹನ್ನೊಂದರವರೆಗೆ ಕೂತು ಬೆಳಿಗ್ಗೆ ಐದಕ್ಕೆ ಏಳುವುದೂ ಅವಳೇ. ಕೆಲವು ದಿನ ಕತ್ತರಿ ಕೈಯಲ್ಲಿ ಹಿಡಿದೇ ತೂಕಡಿಸುತ್ತಾಳೆ. ನಾನು ಮೆಲ್ಲಗೆ ಕತ್ತರಿ ಬಿಡಿಸಿಕೊಂಡು ಉಳಿದದ್ದನ್ನು ಕತ್ತರಿಸಿಡುತ್ತೇನೆ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮೂರಿನಲ್ಲೂ ಒಂದು ಕನ್ನಡ ಶಾಲೆ ಇದ್ದೇ ಇರುತ್ತದೆ, ಅಲ್ಲೊಬ್ಬ ಟೀಚರೂ ಇರುತ್ತಾರೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ, “ನನ್ನಿಂದ ಏನಾದರೂ ಆಗಬೇಕೇ?” ಎಂದು ಕೇಳಿ ನೋಡಿ. ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ರಂಗೋಲಿಗೆ ನೇರ ಗೆರೆ ಎಳೆಯುವ ಕೈ ನಾಲ್ಕು ಗೆರೆಯ ಹಾಳೆಗೂ ಗೆರೆ ಎಳೆಯುತ್ತದೆ. ರವಿಕೆ ಹೊಲಿಯುವ ಸೂಜಿ ಪುಸ್ತಕವನ್ನೂ ಹೊಲಿಯುತ್ತದೆ. ಎರಡು ಚಮಚ ಮೈದಾ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಂಜಿಯ ಹಾಗೆ ಆಗುವವರೆಗೆ ಕಾಯಿಸಿದರೆ ಒಳ್ಳೆಯ ಅಂಟು. ಎರಡು ದಿನಕ್ಕಾಗುವಷ್ಟೇ ಮಾಡಿ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಕಾರ್ಡು ಮಗುವಿನ ಅಂಗೈಯಷ್ಟು ಅಗಲವಿರಲಿ, ಮೂಲೆಗಳನ್ನು ಸ್ವಲ್ಪ ದುಂಡಗೆ ಕತ್ತರಿಸಿ, ಚುಚ್ಚುವುದಿಲ್ಲ. ಅಂಚಿಗೆ ಟೇಪು ಹಚ್ಚಿದರೆ ಒಂದು ವರ್ಷ ಬಾಳುತ್ತದೆ. ಅದರ ಮೇಲೆ ಏನು ಬರೆಯಬೇಕೆಂಬುದನ್ನು ಟೀಚರೂ ಮಕ್ಕಳೂ ನೋಡಿಕೊಳ್ಳುತ್ತಾರೆ.

ಮೊನ್ನೆ ಚಿರತೆ ಕೇಳಿದ್ದ ಹುಡುಗ ಹೊಸ ಪದ ಕೇಳಿದನಂತೆ. ‘ಇನ್ಸ್‌ಪೆಕ್ಟರ್’. ಯಾಕೋ ಎಂದರೆ, “ದೊಡ್ಡೋನಾದ್ಮೇಲೆ ಬೇಕಾಗುತ್ತೆ ಮಿಸ್” ಅಂದನಂತೆ. ಉದ್ದದ ಪದ. ಕಾರ್ಡನ್ನು ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿದ್ದೇನೆ.